ಶನಿವಾರ ಫುಲ್, ಉಳಿದ ದಿನ ಖಾಲಿ: ಇನ್ನೂ ನಾಲ್ಕು ರೂಮು ಕಟ್ಟಬಹುದಾ?

ಸೋಮವಾರಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆಯಿಂದ ಮಲ್ಲಳ್ಳಿ ಜಲಪಾತದ ಕಡೆ ಹೋಗುವ ದಾರಿಯಲ್ಲಿ ಹಳೇ ಮನೆ. ಸುತ್ತ ಸ್ವಲ್ಪ ಕಾಫಿ, ಮೆಣಸು, ಏಲಕ್ಕಿ. ಮನೆಯ ಎರಡು ರೂಮು ಹೋಂಸ್ಟೇಗೆ ಬಿಟ್ಟಿದ್ದೇವೆ. ಅಡುಗೆ ಅಮ್ಮನದು.

ಶನಿವಾರ ಬಂತು ಅಂದರೆ ಫೋನ್ ನಿಲ್ಲುವುದಿಲ್ಲ. ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ರೂಮಿಲ್ಲ ಅಂತ ಹೇಳಿ ಕಳಿಸುತ್ತೇವೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಹೊರಟ ಮೇಲೆ ಮುಂದಿನ ಶುಕ್ರವಾರದವರೆಗೆ ಒಬ್ಬರೂ ಇಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಶನಿವಾರವೂ ಗ್ಯಾರಂಟಿ ಇಲ್ಲ.

ತಮ್ಮ ಹೇಳ್ತಾನೆ, ಗದ್ದೆ ಪಕ್ಕ ನಾಲ್ಕು ಕಾಟೇಜ್ ಹಾಕೋಣ, ಬ್ಯಾಂಕಿನಲ್ಲಿ 30 ಲಕ್ಷ ಸಾಲ ಸಿಗುತ್ತದೆ ಅಂತ. ಅಪ್ಪನಿಗೆ ಇಷ್ಟ ಇಲ್ಲ. ನಾನು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ನಿಮ್ಮಲ್ಲಿ ವರ್ಷವಿಡೀ ರೂಮು ಹೇಗೆ ಹೋಗುತ್ತದೆ ಅಂತ ದಯವಿಟ್ಟು ಹೇಳಿ.

ಜೀಪ್ ಡ್ರೈವರ್, ಮಡಿಕೇರಿ

ಧೈರ್ಯವಾಗಿ ಕಟ್ಟಿ ಅಣ್ಣ. ಡಿಸೆಂಬರ್ ಕೊನೇ ವಾರ ಮಡಿಕೇರಿಯಲ್ಲಿ ರೂಮು ಸಿಗದೆ ಕಾರಿನಲ್ಲೇ ಮಲಗಿದವರನ್ನು ನಾನೇ ನೋಡಿದ್ದೇನೆ. ಮಾಂದಲ್‌ಪಟ್ಟಿಗೆ ಬೆಳಗಿನ ಜಾವ ಜೀಪಿಗೆ ಕ್ಯೂ ನಿಲ್ಲುತ್ತಾರೆ. ಬರುವ ಜನ ಜಾಸ್ತಿ ಆಗ್ತಾನೇ ಇದ್ದಾರೆ, ಕಮ್ಮಿ ಆಗಿಲ್ಲ.

ಕಕ್ಕಬ್ಬೆಯವ

ಡ್ರೈವರ್ ಅಣ್ಣ ಹೇಳಿದ್ದು ಡಿಸೆಂಬರ್ ಕೊನೇ ವಾರದ ಮಾತು. ಸಾಲದ ಕಂತು ಮಾತ್ರ 12 ತಿಂಗಳೂ ಬರುತ್ತದೆ. ಸೋಮವಾರಪೇಟೆಯವರೇ, ಒಂದು ಪೇಪರ್ ತೆಗೆದುಕೊಂಡು ರಾತ್ರಿಗಳನ್ನು ಎಣಿಸಿ. ತಾಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಹೋಂಸ್ಟೇ ನಡೆಸುವವನಾಗಿ ನಾನು ಮೊದಲು ನೋಡುವುದೇ ಇದನ್ನ.

ನಾಲ್ಕು ರೂಮು, 30 ರಾತ್ರಿ. ಅಂದರೆ ತಿಂಗಳಿಗೆ 120 ರೂಮ್-ರಾತ್ರಿ ನಿಮ್ಮ ಕೈಯಲ್ಲಿದೆ. ಶುಕ್ರವಾರ, ಶನಿವಾರ ಎರಡೂ ರಾತ್ರಿ ನಾಲ್ಕೂ ರೂಮು ತುಂಬಿತು ಅಂತಲೇ ಇಟ್ಟುಕೊಳ್ಳಿ. ಸುಮಾರು 34 ಆಯ್ತು. ನೂರಕ್ಕೆ 28. ಪ್ರತಿ ವಾರಾಂತ್ಯ ಜನರನ್ನು ವಾಪಸ್ ಕಳಿಸುವ ಮನೆಯಲ್ಲೂ ನೂರಕ್ಕೆ 70ಕ್ಕಿಂತ ಜಾಸ್ತಿ ರಾತ್ರಿ ಖಾಲಿ ಬಿದ್ದಿರುತ್ತದೆ. ಶುಕ್ರವಾರ ತುಂಬುವುದೂ ಖಚಿತ ಅಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಶನಿವಾರ ನಸುಕಿನಲ್ಲಿ ಹೊರಟು ತಿಂಡಿ ಹೊತ್ತಿಗೆ ಕುಶಾಲನಗರ ತಲುಪುವವರು ಜಾಸ್ತಿ ಆಗಿದ್ದಾರೆ. ನಮ್ಮಲ್ಲಿ ಶುಕ್ರವಾರದ ರಾತ್ರಿ ಅದರಿಂದ ಬಡವಾಗಿದೆ.

ಈಗ ದುಡ್ಡಿನ ಲೆಕ್ಕ. ಊಟ ಸೇರಿ ರೂಮಿಗೆ 3,000 ಅಂತ ಹಿಡಿಯಿರಿ. 34 ರೂಮ್-ರಾತ್ರಿಗೆ 1,02,000. ದಿನಸಿ, ಬಟ್ಟೆ ಒಗೆಯುವುದು, ಕರೆಂಟು, ಬುಕಿಂಗ್ ಕಮಿಷನ್ ಅಂತ ನೂರಕ್ಕೆ 40 ಕಳೆಯಿರಿ. 61,000 ಉಳಿಯಿತು. ಒಬ್ಬ ಕೆಲಸದವರ ಸಂಬಳ 15,000 ಹೋದರೆ 46,000. 30 ಲಕ್ಷಕ್ಕೆ ನೂರಕ್ಕೆ 10ರ ಬಡ್ಡಿ, 10 ವರ್ಷ ಅಂದರೆ ಕಂತು ಸುಮಾರು 39,600. ಕೈಗೆ ಉಳಿಯುವುದು 6,400. ಇದು ಒಳ್ಳೇ ತಿಂಗಳಿನ ಲೆಕ್ಕ.

ಮಳೆಗಾಲದ 4 ತಿಂಗಳು ತಿಂಗಳಿಗೆ 11 ರೂಮ್-ರಾತ್ರಿ ಹೋಯ್ತು, ಅದೂ 2,200ರ ದರಕ್ಕೆ ಅಂತ ಇಟ್ಟುಕೊಳ್ಳಿ. ಖರ್ಚು ಕಳೆದು 14,500. ಸಂಬಳಕ್ಕೇ ಸಾಲದು. ಕಂತು ಪೂರ್ತಿ ಕೈಯಿಂದ ಕಟ್ಟಬೇಕು. 4 ತಿಂಗಳಿಗೆ 1,60,000. ಒಳ್ಳೇ 8 ತಿಂಗಳಲ್ಲಿ ಉಳಿಸಿದ್ದು 51,000. ವರ್ಷದ ಕೊನೆಗೆ 1 ಲಕ್ಷಕ್ಕೂ ಜಾಸ್ತಿ ಕಾಫಿ ದುಡ್ಡಿನಿಂದ ಎತ್ತಿ ಹೋಂಸ್ಟೇಗೆ ಹಾಕಬೇಕು.

ಇದೇ ಲೆಕ್ಕದಲ್ಲಿ ಒಂದೇ ಒಂದನ್ನು ಬದಲಾಯಿಸಿ ನೋಡಿ. ಒಳ್ಳೇ 8 ತಿಂಗಳಲ್ಲಿ, ಭಾನುವಾರದಿಂದ ಗುರುವಾರದೊಳಗೆ, ವಾರಕ್ಕೆ ಒಂದು ರಾತ್ರಿ ಮಾತ್ರ ನಾಲ್ಕೂ ರೂಮು 2,200ಕ್ಕೆ ಹೋಯ್ತು. ಖರ್ಚು ಕಳೆದು ತಿಂಗಳಿಗೆ 22,000ಕ್ಕೆ ಮೇಲೆ. ನಷ್ಟ ಮುಚ್ಚಿ ವರ್ಷಕ್ಕೆ 70,000 ಹತ್ತಿರ ಉಳಿಯುತ್ತದೆ. ಹೋಂಸ್ಟೇ ಉಳಿಯುವುದು, ಮುಳುಗುವುದು ಆ ವಾರದ ಮಧ್ಯದ ಒಂದು ರಾತ್ರಿಯಲ್ಲಿ.

ನಿಮ್ಮ ಈಗಿನ ಎರಡು ರೂಮಿನಲ್ಲೇ ತಿಂಗಳಿಗೆ 40ಕ್ಕೂ ಜಾಸ್ತಿ ರೂಮ್-ರಾತ್ರಿ ಖಾಲಿ ಇದೆ. ಅದಕ್ಕೆ ಸಾಲ ಬೇಕಾಗಿಲ್ಲ. ಮೊದಲು ಅದನ್ನು ತುಂಬಿಸಿ ನೋಡಿ.

ಕುಶಾಲನಗರದ ಲೆಕ್ಕಿಗ

ಕಕ್ಕಬ್ಬೆಯವರ ಲೆಕ್ಕ ಸರಿ ಇದೆ. ನಾನು ಕಾಗದಪತ್ರದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಹೋಂಸ್ಟೇ ಅಂದರೆ ಮನೆಯವರು ವಾಸ ಇರುವ ಮನೆಯಲ್ಲಿ ರೂಮು ಕೊಡುವುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗುವುದು ಆ ಆಧಾರದ ಮೇಲೆ. ಗದ್ದೆ ಪಕ್ಕ ಬೇರೆಯಾಗಿ ಕಾಟೇಜ್ ಎದ್ದರೆ ಕಥೆಯೇ ಬೇರೆ. ಕೃಷಿ ಜಮೀನಾದರೆ ಭೂ ಪರಿವರ್ತನೆ ಆಗಬೇಕು. ಗದ್ದೆ ಜಮೀನು ಅಂದರೆ ಇನ್ನೂ ಕಷ್ಟ. ಕೊಡಗಿನಲ್ಲಿ ಗದ್ದೆ ಪರಿವರ್ತನೆಗೆ ವಿರೋಧ ಎಷ್ಟಿದೆ ಅಂತ ನಿಮಗೇ ಗೊತ್ತು. ಸಾಲದ ಅರ್ಜಿ ಹಾಕುವ ಮೊದಲೇ ಇದನ್ನು ವಿಚಾರಿಸಿ.

ತೆರಿಗೆ: ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದಕ್ಕಿಂತ ಕಮ್ಮಿ ಇದ್ದು ನೋಂದಣಿ ಇಲ್ಲದಿದ್ದರೂ, ಬುಕಿಂಗ್ ವೆಬ್‌ಸೈಟ್ ಮೂಲಕ ಬಂದ ರೂಮಿಗೆ ಆ ವೆಬ್‌ಸೈಟಿನವರೇ ಜಿಎಸ್‌ಟಿ ಕಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ದರ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಸಿಮೆಂಟು, ಮಂಚ, ಗೀಸರಿಗೆ ಕೊಟ್ಟ ತೆರಿಗೆ ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ (ಮೊದಲು ಸಿ-ಫಾರ್ಮ್ ಅನ್ನುತ್ತಿದ್ದರು) ಆನ್‌ಲೈನ್‌ನಲ್ಲಿ ತುಂಬುವುದು ಕಡ್ಡಾಯ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ.

ಗಾಳಿಬೀಡು ಅಕ್ಕ

ತಮ್ಮ, ಮಳೆಗಾಲದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನು ಸತ್ತ ತಿಂಗಳು ಅಂತ ಬಿಟ್ಟುಬಿಡುತ್ತಾರೆ.

2018ರ ಆಗಸ್ಟ್ ಯಾರೂ ಮರೆಯುವಂಥದ್ದಲ್ಲ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದವು. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆ ಹೋಯ್ತು. ಪ್ರವಾಸಿಗರು ಬರಬಾರದು ಅಂತ ಜಿಲ್ಲಾಡಳಿತ ಸ್ವಲ್ಪ ದಿನ ನಿರ್ಬಂಧ ಹಾಕಿತು. 2019ರ ಆಗಸ್ಟಿನಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ಮೊದಲು ಲಾಕ್‌ಡೌನ್, ಆಮೇಲೆ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿತ. ಸಾಲ ಮಾಡಿ ಕಟ್ಟಿದವರು ಆ ಮೂರು ವರ್ಷ ಹೇಗೆ ದಾಟಿದರು ಅಂತ ಅವರನ್ನೇ ಕೇಳಿ. ನಿಮ್ಮ ತಮ್ಮನ ಹಾಗೆ 10 ವರ್ಷದ ಸಾಲ ತೆಗೆಯುವವರು ಆ ಹತ್ತರಲ್ಲಿ ಇಂಥ ಒಂದೆರಡು ವರ್ಷ ಬಂದೇ ಬರುತ್ತದೆ ಅಂತ ಲೆಕ್ಕ ಹಾಕಬೇಕು.

ಆದರೂ ಮಳೆಗೇ ಬರುವವರು ಇದ್ದಾರೆ. ಅವರು ಜಾಗ ನೋಡಲು ಬರುವವರಲ್ಲ, ಮನೆಯಲ್ಲಿ ಕೂರಲು ಬರುವವರು. ಕಣಿಲೆ (ಎಳೆ ಬಿದಿರು) ಸಾರು, ಅಕ್ಕಿರೊಟ್ಟಿ, ಕಚಂಪುಳಿ ಅನ್ನುವ ಹುಳಿ ಹಾಕಿದ ಪಂದಿ (ಹಂದಿ) ಕರಿ, ಒಲೆ ಮುಂದೆ ಕಾಫಿ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ 18ನೇ ದಿನ. ಆವತ್ತು ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಕಾಡಿನ ಆ ಸೊಪ್ಪಿನಲ್ಲಿ ಆ ದಿನ 18 ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಬೇಯಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಬೇಕು, ತಿನ್ನಬೇಕು ಅಂತಲೇ ಬರುವ ಮನೆಯವರು ನಮಗೆ ಸಿಕ್ಕಿದ್ದಾರೆ. ಪ್ರತಿ ವರ್ಷ ಬರುತ್ತಾರೆ.

ಮಳೆಯಲ್ಲಿ ನಡೆಸುವುದಕ್ಕೆ ತಯಾರಿ ಬೇಕು. ಜುಲೈನಲ್ಲಿ ಬೆಡ್‌ಶೀಟ್ ಒಣಗುವುದಿಲ್ಲ. ಎರಡು ದಿನ ಹಗ್ಗದ ಮೇಲೆ ಇದ್ದರೂ ಹಿಂಡಿದರೆ ತೇವ. ಒಲೆ ಮೇಲಿನ ಅಟ್ಟದಲ್ಲಿ ಹರಡಿದರೆ ಒಣಗುತ್ತದೆ, ಆದರೆ ಹೊಗೆ ವಾಸನೆ ಹಿಡಿಯುತ್ತದೆ, ಮಂಚಕ್ಕೆ ಹಾಸಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ನಾವು ಒಂದು ರೂಮಿಗೆ ನಾಲ್ಕು ಜೊತೆ ಇಟ್ಟಿದ್ದೇವೆ, ಮಳೆ ಜೋರಾದರೆ ಕುಶಾಲನಗರಕ್ಕೆ ಕಳಿಸುತ್ತೇವೆ. ಅಲ್ಲಿ ಮಳೆ ಕಮ್ಮಿ. ಕರೆಂಟು ಹೋದರೆ ಎರಡು ಮೂರು ದಿನ ಬಾರದೆ ಇರುವುದುಂಟು, ಇನ್ವರ್ಟರ್ ಒಂದೇ ಸಾಲದು. ಇಂಬಳಕ್ಕೆ (ಜಿಗಣೆಗೆ) ಬಾಗಿಲ ಹತ್ತಿರವೇ ಉಪ್ಪು, ಸುಣ್ಣ ಇಡಬೇಕು.

ರೆಡ್ ಅಲರ್ಟ್ ಬಂದರೆ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡಿ. ಮುಂದಿನ ವರ್ಷ ಅವರೇ ಫೋನ್ ಮಾಡುತ್ತಾರೆ. ದುಡ್ಡಿನ ಆಸೆಗೆ ಯಾರನ್ನೂ ಆ ರಸ್ತೆಯಲ್ಲಿ ಕರೆಸಬೇಡಿ.

ಜೀಪ್ ಡ್ರೈವರ್, ಮಡಿಕೇರಿ

ಅಕ್ಕ ಹೇಳಿದ್ದು ನಿಜ. ಇನ್ನೊಂದು, ಬರಪೊಳೆ ಹೊಳೆಯ ರಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ. ಪೊನ್ನಂಪೇಟೆ, ಶ್ರೀಮಂಗಲ ಕಡೆಯ ಮನೆಗಳಿಗೆ ಅದರಿಂದ ಜನ ಸಿಗ್ತಾರೆ. ಸೋಮವಾರಪೇಟೆ ಕಡೆಗೆ ಅದು ದೂರ ಆಯ್ತು. ನಿಮಗೆ ಮಲ್ಲಳ್ಳಿ ಇದೆ. ನೀರು ತುಂಬಿ ಬೀಳುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಏಪ್ರಿಲ್‌ನಲ್ಲಿ ಬಂದವರಿಗೆ ಬರೀ ಬಂಡೆ ಕಾಣುತ್ತದೆ.

ಪೊನ್ನಂಪೇಟೆ ತೋಟ

ಯಾರೂ ಹೇಳದ ವಿಷಯ ಒಂದಿದೆ. ಜನ ಬರುವ ಕಾಲ, ಕಾಫಿ ಕೊಯ್ಲಿನ ಕಾಲ, ಎರಡೂ ಒಟ್ಟಿಗೇ ಬೀಳುತ್ತದೆ. ಅರೇಬಿಕಾ ನವೆಂಬರ್‌ನಲ್ಲಿ ಶುರು. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ, ಫೆಬ್ರವರಿ ದಾಟುತ್ತದೆ. ಅದರ ಮಧ್ಯದಲ್ಲೇ ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ರಜೆ, ಜನವರಿ 26. ಹಣ್ಣು ಕೊಯ್ಯುವುದಕ್ಕೂ ಅದೇ ಕೈ, ರೂಮು ಗುಡಿಸುವುದಕ್ಕೂ ಅದೇ ಕೈ. ಅಂಗಳದಲ್ಲಿ ಕಾಫಿ ಹರಡಿರುತ್ತದೆ, ಅಲ್ಲೇ ಮೂರು ಕಾರು ಬಂದು ನಿಲ್ಲುತ್ತದೆ.

2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತಲ್ಲ, ಆವಾಗ ನಮ್ಮ ಸುತ್ತಮುತ್ತ ಕೆಲವರು ಕೊಯ್ಲಿನ ಎರಡು ತಿಂಗಳು ಹೋಂಸ್ಟೇ ಬಂದ್ ಮಾಡಿ ರೂಮನ್ನು ಕೆಲಸದವರಿಗೇ ಬಿಟ್ಟುಕೊಟ್ಟರು. ನನಗೆ ಅದು ಸರಿ ಅಂತಲೇ ಕಂಡಿತು. ಬೆಲೆ ಇಳಿದಾಗ ಹೋಂಸ್ಟೇ ಕೈ ಹಿಡಿಯುತ್ತದೆ, ಬೆಲೆ ಏರಿದಾಗ ತೋಟ. ಎರಡೂ ಹೀಗೆ ಹಿಂದೆ ಮುಂದೆ ಆಗಬೇಕಾದರೆ ರೂಮಿನ ಮೇಲೆ ಸಾಲ ಇರಬಾರದು. ಸಾಲ ಇದ್ದರೆ ಬಂದ್ ಮಾಡುವ ಸ್ವಾತಂತ್ರ್ಯವೇ ಹೋಗುತ್ತದೆ.

ಸುಗ್ಗಿ ಹಬ್ಬ ಪುತ್ತರಿಗೆ ನಾವು ರೂಮು ಕೊಡುವುದಿಲ್ಲ. ಐನ್‌ಮನೆಗೆ, ಅಂದರೆ ಮೂಲ ಮನೆಗೆ, ಒಕ್ಕದವರೆಲ್ಲ (ಇಡೀ ಮನೆತನದವರು) ಬರುತ್ತಾರೆ, ಮಲಗಲು ನಮಗೇ ಜಾಗ ಬೇಕು. ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್‌ಪೋದಿಗೂ ಹಾಗೇ. ಇಂಥ ದಿನಗಳನ್ನು ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಮುಚ್ಚಿಬಿಡಿ. ಆನ್‌ಲೈನ್‌ನಲ್ಲಿ ಬುಕ್ ಆದ ಮೇಲೆ ಇಲ್ಲ ಅಂದರೆ ರೇಟಿಂಗ್ ಬೀಳುತ್ತದೆ.

ಬೆಂಗಳೂರಿನ ನೆಂಟ

ಬರುವವನ ಕಡೆಯಿಂದ ಒಂದು ಮಾತು. ವಾರದ ಮಧ್ಯೆ ಬರಲು ನಮಗೂ ಆಸೆ ಇದೆ. ಆದರೆ ಹೆಚ್ಚಿನ ಹೋಂಸ್ಟೇಗಳಲ್ಲಿ ಬುಧವಾರಕ್ಕೂ ಶನಿವಾರಕ್ಕೂ ದರ ಒಂದೇ. ಹಾಗಾದರೆ ನಾನು ಯಾಕೆ ರಜೆ ಹಾಕಲಿ? ಇಂಟರ್‌ನೆಟ್ ಹೇಗಿದೆ ಅಂತ ಕೇಳಿದರೆ 'ಇದೆ ಸರ್' ಅನ್ನುತ್ತಾರೆ, ಬಂದು ನೋಡಿದರೆ ಮೊಬೈಲ್ ಎರಡು ಕಡ್ಡಿ. ಲ್ಯಾಪ್‌ಟಾಪ್ ಇಟ್ಟು ಕೂರಲು ಒಂದು ಮೇಜು, ಒಂದು ಕುರ್ಚಿ ಕೂಡ ಇರುವುದಿಲ್ಲ.

ಫೈಬರ್ ಸಂಪರ್ಕ, ಒಂದು ಮೇಜು, ಕರೆಂಟು ಹೋದರೂ ರೂಟರ್ ನಡೆಯುವ ವ್ಯವಸ್ಥೆ. ಇಷ್ಟಿದ್ದರೆ ಭಾನುವಾರ ಸಂಜೆ ಬಂದು ಗುರುವಾರ ಹೋಗುವವರು ನನ್ನ ಆಫೀಸಿನಲ್ಲೇ ಬೇಕಾದಷ್ಟು ಇದ್ದಾರೆ. ರಿಟೈರ್ ಆದ ಅಪ್ಪ ಅಮ್ಮನಿಗೂ ವಾರದ ಮಧ್ಯವೇ ಇಷ್ಟ. ಅವರಿಗೆ ಬೇಕಾದ್ದು ಮೆಟ್ಟಿಲು ಕಮ್ಮಿ ಇರುವ ರೂಮು, ಕೂರುವ ಕಕ್ಕಸು, ಬೇಗ ಊಟ.

ಕಕ್ಕಬ್ಬೆಯವ

ಬೆಂಗಳೂರಿನವರ ಮಾತನ್ನು ಎಲ್ಲ ಹೋಂಸ್ಟೇಯವರೂ ಓದಬೇಕು. ಮೂರು ರಾತ್ರಿ ಒಬ್ಬರೇ ಇದ್ದರೆ ಬೆಡ್‌ಶೀಟ್ ಒಂದೇ ಸಲ ಬದಲಿಸುತ್ತೇವೆ, ಒಂದೇ ಸಲ ರೂಮು ತೊಳೆಯುತ್ತೇವೆ. ಶನಿವಾರ ಬಂದು ಭಾನುವಾರ ಹೋಗುವವರಿಗಿಂತ ಖರ್ಚು ಎಷ್ಟೋ ಕಮ್ಮಿ. ಆದ್ದರಿಂದ ದರ ಇಳಿಸಿದರೂ ನಷ್ಟ ಇಲ್ಲ. ನಮ್ಮಲ್ಲಿ ಭಾನುವಾರದಿಂದ ಮೂರು ರಾತ್ರಿ ಉಳಿದರೆ ನಾಲ್ಕನೆಯದು ಫ್ರೀ. ಈ ತರಹ ಬಂದವರು ವೆಬ್‌ಸೈಟಿಗೆ ಹೋಗದೆ ನೇರ ಫೋನ್ ಮಾಡುತ್ತಾರೆ, ಕಮಿಷನ್ನೂ ಉಳಿಯುತ್ತದೆ.

ಮಡಿಕೇರಿ ನಿವಾಸಿ

ನಾನು ಹೋಂಸ್ಟೇ ನಡೆಸುವವನಲ್ಲ. ಊರಿನವನಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲಾಂಗ್ ವೀಕೆಂಡ್ ಬಂದರೆ ರಾಜಾಸೀಟ್ ಸುತ್ತ ನಡೆದಾಡಲು ಆಗುವುದಿಲ್ಲ. ಅಬ್ಬಿ ಫಾಲ್ಸ್ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ದೇವರೇ ಗತಿ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ, ಅದೇ ಹೊತ್ತಿಗೆ ಪಕ್ಕದ ರೂಮುಗಳಿಗೆ ಟ್ಯಾಂಕರ್ ಬರುತ್ತದೆ. ಎಲ್ಲರೂ ಶನಿವಾರಕ್ಕೇ ರೂಮು ಕಟ್ಟುತ್ತಾ ಹೋದರೆ ಶನಿವಾರ ಇನ್ನೂ ಕೆಡುತ್ತದೆ, ಮಂಗಳವಾರ ಹಾಗೇ ಖಾಲಿ ಇರುತ್ತದೆ. ಬರುವ ಅಷ್ಟೇ ಜನ ವಾರದ ಮೇಲೆ ಹರಡಿಕೊಂಡು ಬಂದರೆ ಊರಿಗೂ ಉಸಿರಾಡಲು ಆಗುತ್ತದೆ.

ಗಾಳಿಬೀಡು ಅಕ್ಕ

ಇದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ ಅಣ್ಣ. ನಮ್ಮ ಬಾವಿಯೂ ಏಪ್ರಿಲ್‌ಗೆ ತಳ ಕಾಣುತ್ತದೆ. ಬೇಸಿಗೆ ರಜೆಯಲ್ಲಿ ಮೂರೂ ರೂಮು ಕೇಳುತ್ತಾರೆ, ನಾವು ಎರಡೇ ಕೊಡುತ್ತೇವೆ.

ಜೀಪ್ ಡ್ರೈವರ್, ಮಡಿಕೇರಿ

ಅಕ್ಕ, ಡಿಸೆಂಬರ್‌ನಲ್ಲಿ 3,000ದ ರೂಮಿಗೆ 9,000 ಕೇಳುವವರ ಬಗ್ಗೆ ಏನು ಹೇಳ್ತೀರಿ? ಬಂದವರು ನಮ್ಮ ಜೀಪಿನಲ್ಲಿ ಕೂತು ಕೊಡಗಿನವರನ್ನೇ ಬೈಯುತ್ತಾರೆ.

ಪೊನ್ನಂಪೇಟೆ ತೋಟ

ದರ ಏರಿಸುವುದರಲ್ಲಿ ತಪ್ಪಿಲ್ಲ. ಆ ವಾರ ಕೆಲಸದವರಿಗೂ ನಾವು ಜಾಸ್ತಿ ಕೊಡಬೇಕು. ಆದರೆ ಮೂರು ಪಟ್ಟು ಕೇಳಿದರೆ ಆ ಗಿರಾಕಿ ಮತ್ತೆ ಫೆಬ್ರವರಿಯಲ್ಲಿ ಬರುವುದಿಲ್ಲ. ಒಂದು ವಾರದ ದುಡ್ಡಿಗೆ ಉಳಿದ 51 ವಾರದ ಗಿರಾಕಿಯನ್ನು ಕಳೆದುಕೊಳ್ಳುತ್ತೇವೆ. ನಾವು ಹೆಚ್ಚೆಂದರೆ ಒಂದೂವರೆ ಪಟ್ಟು ತೆಗೆದುಕೊಳ್ಳುತ್ತೇವೆ, ಕನಿಷ್ಠ ಎರಡು ರಾತ್ರಿ ಉಳಿಯಬೇಕು ಅಂತ ಹೇಳುತ್ತೇವೆ.

ಬೆಂಗಳೂರಿನ ನೆಂಟ

ಎರಡು ರಾತ್ರಿ ಅಂದರೆ ನಮಗೂ ಒಳ್ಳೆಯದು. ಒಂದು ರಾತ್ರಿಗೆ ಅಷ್ಟು ದೂರ ಬಂದು ಏನೂ ನೋಡಿದಂತೆ ಆಗುವುದಿಲ್ಲ. ಒಂದು ಪ್ರಶ್ನೆ. ಕಾಫಿ ಹೂ ನೋಡಲು ಯಾವಾಗ ಬರಬೇಕು?

ಕಕ್ಕಬ್ಬೆಯವ

ಅದನ್ನು ತಿಂಗಳ ಮೊದಲೇ ಹೇಳಲು ಆಗುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ನೊಳಗೆ ಹೂಮಳೆ ಬೀಳಬೇಕು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದೆ. ಸ್ಪ್ರಿಂಕ್ಲರ್ ಇರುವ ತೋಟದಲ್ಲಿ ಮಳೆಗೆ ಕಾಯದೆ ಮೊದಲೇ ನೀರು ಹಾರಿಸಿ ಹೂ ಬಿಡಿಸುತ್ತಾರೆ. ಹೂ ಬಿಳಿಯಾಗಿ ನಿಲ್ಲುವುದು ಎರಡು ಮೂರು ದಿನ, ಆಮೇಲೆ ಕಂದು. ನಾನು ಮಾಡುವುದು ಇಷ್ಟು: ಕೇಳಿದವರ ನಂಬರ್ ಬರೆದಿಟ್ಟುಕೊಳ್ಳುತ್ತೇನೆ, ಮಳೆ ಬಿದ್ದ ದಿನ ಎಲ್ಲರಿಗೂ ಮೆಸೇಜ್ ಹಾಕುತ್ತೇನೆ. ಹೂವು ವಾರ ನೋಡಿಕೊಂಡು ಅರಳುವುದಿಲ್ಲವಲ್ಲ, ಬುಧವಾರ ಗುರುವಾರವೂ ಬರುತ್ತಾರೆ. ವಾರದ ಮಧ್ಯ ತುಂಬಿಸಲು ಇಷ್ಟು ಒಳ್ಳೆಯ ಕಾರಣ ಬೇರೆ ಸಿಗುವುದಿಲ್ಲ.

ಇನ್ನೊಂದು, ಕೊಡವ ಕುಟುಂಬಗಳ ಹಾಕಿ ಉತ್ಸವ. 1997ರಲ್ಲಿ ಕರಡದಲ್ಲಿ ಶುರುವಾದದ್ದು. ಏಪ್ರಿಲ್ ಸುಮಾರಿಗೆ ವಾರಗಟ್ಟಲೆ ನಡೆಯುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ಕುಟುಂಬಗಳು ಆಡಿದವು. 2025ರಲ್ಲಿ ಮಡಿಕೇರಿಯಲ್ಲಿ ಆಯ್ತು. ಎಲ್ಲಿ ನಡೆಯುತ್ತದೋ ಆ ಸುತ್ತಿನ ಮನೆಗಳಿಗೆ ವಾರದ ಮಧ್ಯವೂ ಜನ. ಆತಿಥ್ಯ ವಹಿಸುವ ಕುಟುಂಬ ಯಾವುದು, ಜಾಗ ಎಲ್ಲಿ ಅಂತ ಮೊದಲೇ ತಿಳಿಯುತ್ತದೆ, ಗಮನ ಇಡಿ.

ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ, ತಲಕಾವೇರಿ ತೀರ್ಥೋದ್ಭವ. 17ನೇ ತಾರೀಕಿನ ಆಸುಪಾಸು, ವಾರ ಯಾವುದಾದರೂ ಸರಿ. ಭಾಗಮಂಡಲದ ಸುತ್ತ ರೂಮು ಸಿಗುವುದಿಲ್ಲ. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆ ವಿಜಯದಶಮಿ ರಾತ್ರಿ ಹೊರಟು ಬೆಳಗಾಗುವವರೆಗೆ ನಡೆಯುತ್ತದೆ, ಆ ರಾತ್ರಿ ಜನ ಮಲಗುವುದೇ ಇಲ್ಲ, ಬೆಳಿಗ್ಗೆ ಬಂದು ಮಲಗಲು ರೂಮು ಕೇಳುತ್ತಾರೆ. ಅವರಿಗೆ ಚೆಕ್-ಔಟ್ ಸಂಜೆಗೆ ಇಡಿ.

ಸೋಮವಾರಪೇಟೆ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅಪ್ಪ ಬಂದವರ ಹೆಸರು ಬರೆಯುವ ರಿಜಿಸ್ಟರ್ ಇಟ್ಟಿದ್ದಾರೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಳೆದ ವರ್ಷದ ರಾತ್ರಿಗಳನ್ನು ಎಣಿಸಿದೆವು. ಕಕ್ಕಬ್ಬೆ ಅಣ್ಣ ಹೇಳಿದಂತೆಯೇ, ಶನಿವಾರ ಬಿಟ್ಟರೆ ಪುಟ ಬಿಳಿ. ಸೆಪ್ಟೆಂಬರ್ ಪೂರ್ತಿ ಖಾಲಿ. ಮಲ್ಲಳ್ಳಿಯಲ್ಲಿ ಆಗ ನೀರು ಚೆನ್ನಾಗಿರುತ್ತದೆ, ಮಳೆಯೂ ಇಳಿದಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಆ ತಿಂಗಳು ಯಾರಿಗೂ ನಾವು ಹೇಳೇ ಇಲ್ಲ.

ಕಾಟೇಜ್ ಈ ವರ್ಷ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ತಮ್ಮನೂ ಒಪ್ಪಿದ. ಗದ್ದೆ ಪರಿವರ್ತನೆ ವಿಷಯ ಕೇಳಿದ ಮೇಲೆ ಅವನೇ ಹಿಂದೆ ಸರಿದ. ಇನ್ವರ್ಟರ್‌ಗೆ ಒಂದು ಬ್ಯಾಟರಿ ಜಾಸ್ತಿ, ಫೈಬರ್, ಎರಡು ರೂಮಿಗೂ ಮೇಜು ಹಾಕಿಸುತ್ತೇವೆ. ಭಾನುವಾರದಿಂದ ಗುರುವಾರದವರೆಗೆ ದರ ಬೇರೆ. ಒಂದು ಸಂದೇಹ ಉಳಿದಿದೆ. ವಾರದ ಮಧ್ಯ ಬಂದವರಿಗೂ ಅಮ್ಮನೇ ಮೂರು ಹೊತ್ತು ಅಡುಗೆ ಮಾಡಬೇಕಾಗುತ್ತದೆ. ಅವರಿಗೆ ಈಗ ವಾರದಲ್ಲಿ ಐದು ದಿನ ವಿಶ್ರಾಂತಿ. ಅದು ಹೋಗುತ್ತದಲ್ಲ?

ಗಾಳಿಬೀಡು ಅಕ್ಕ

ಅದನ್ನು ಕೇಳಿದ್ದು ಒಳ್ಳೆಯದಾಯಿತು ತಮ್ಮ. ಯಾರೂ ಕೇಳುವುದಿಲ್ಲ. ಕಕ್ಕಬ್ಬೆಯವರ ಲೆಕ್ಕದಲ್ಲೂ ಮನೆ ಹೆಂಗಸಿನ ಸಂಬಳ ಇಲ್ಲ. ಅಮ್ಮನ ಕೆಲಸಕ್ಕೆ ಮೊದಲು ಒಂದು ಮೊತ್ತ ಬರೆಯಿರಿ, ತಿಂಗಳ ಕೊನೆಗೆ ಅವರ ಖಾತೆಗೇ ಹಾಕಿ. ವಾರದ ಮಧ್ಯ ಬಂದವರಿಗೆ ಬೆಳಿಗ್ಗೆ ತಿಂಡಿ, ರಾತ್ರಿ ಊಟ ಅಷ್ಟೇ ಕೊಡಿ. ಮಧ್ಯಾಹ್ನ ಅವರು ಹೇಗೂ ಹೊರಗೆ ಇರುತ್ತಾರೆ ಅಥವಾ ಕೆಲಸದಲ್ಲಿ ಇರುತ್ತಾರೆ. ಮಂಗಳವಾರ ಒಂದು ರಾತ್ರಿ ಪೂರ್ತಿ ಬಂದ್ ಇಡಿ, ಎಷ್ಟು ಕೇಳಿದರೂ ಕೊಡಬೇಡಿ. ಅಕ್ಕಪಕ್ಕದಲ್ಲಿ ರೊಟ್ಟಿ ತಟ್ಟಲು ಬರುವವರು ಯಾರಾದರೂ ಇದ್ದರೆ ಈಗಲೇ ಮಾತಾಡಿ ಇಟ್ಟುಕೊಳ್ಳಿ, ನವೆಂಬರ್ ಬಂದರೆ ಎಲ್ಲರೂ ಕೊಯ್ಲಿಗೆ ಹೋಗುತ್ತಾರೆ.

ಬೆಂಗಳೂರಿನ ನೆಂಟ

ಸೋಮವಾರಪೇಟೆಯವರೇ, ಫೈಬರ್ ಬಂದ ದಿನ ಇಲ್ಲೇ ಒಂದು ಮೆಸೇಜ್ ಹಾಕಿ. ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ, ಭಾನುವಾರದಿಂದ ಬುಧವಾರ. ಮಂಗಳವಾರ ಬಂದ್ ಅಂದರೆ ಆ ರಾತ್ರಿ ನಮ್ಮ ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ಅಮ್ಮ ಒಪ್ಪಿದರೆ ಅವರಿಗೂ ಸೇರಿಸಿ.